ಬಟ್ಟೆ ಹಾಕಿದರೆ ವಿದ್ಯುತ್ ಹರಿಯದು, ಹಾಕದಿದ್ದರೆ ರಬ್ಬರೇ ಹರಿಯುತ್ತದೆ: ವಿಮಾನದ ವಾಹಕ ಸೀಲ್ ಬಗ್ಗೆ ಸಹಾಯ ಬೇಕು

ಉದ್ಯಮಬಾಗ ಸೀಲ್

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ರಬ್ಬರ್ ಘಟಕವಿದೆ. ಎರಡು ಪ್ರೆಸ್, ಒಂದು ಮಿಲ್, ಒಂದು ಓವನ್, ಒಂಬತ್ತು ಜನ. ತಂದೆಯವರ ಕಾಲದಿಂದ ಹೈಡ್ರಾಲಿಕ್ ಪಂಪು, ಸಿಲಿಂಡರುಗಳಿಗೆ ಓ-ರಿಂಗ್ ಮತ್ತು ಆಯಿಲ್ ಸೀಲ್ ಮಾಡುತ್ತಾ ಬಂದಿದ್ದೇವೆ.

ಕಳೆದ ತಿಂಗಳು ವಿಮಾನದ ಬಿಡಿಭಾಗ ಮಾಡುವ ಗ್ರಾಹಕರೊಬ್ಬರು ಒಂದು ಡ್ರಾಯಿಂಗ್ ಕೊಟ್ಟು, ಮಾದರಿ ಮಾಡಿ ತೋರಿಸಿ ಎಂದರು. ಎಲೆಕ್ಟ್ರಾನಿಕ್ ಉಪಕರಣಗಳಿರುವ ಜಾಗದ ತಪಾಸಣಾ ಮುಚ್ಚಳದ ಕೆಳಗೆ ಕೂರುವ ಚಪ್ಪಟೆ ಸೀಲ್ ಅದು. 300 ಮಿ.ಮೀ. ಉದ್ದ, 200 ಮಿ.ಮೀ. ಅಗಲದ ಚೌಕಟ್ಟು. ಪಟ್ಟಿಯ ಅಗಲ 12 ಮಿ.ಮೀ., ದಪ್ಪ 1.6 ಮಿ.ಮೀ., ಸುತ್ತಲೂ 5 ಮಿ.ಮೀ. ವ್ಯಾಸದ 24 ಬೋಲ್ಟ್ ತೂತುಗಳು. ವಸ್ತು ಫ್ಲೋರೋಸಿಲಿಕೋನ್ (ಒಂದು ಬಗೆಯ ಸಿಲಿಕೋನ್ ರಬ್ಬರ್), ಅದರೊಳಗೆ ಬೆಳ್ಳಿ ಲೇಪಿಸಿದ ಅಲ್ಯೂಮಿನಿಯಂ ಪುಡಿ, ನಡುವೆ ಬಲಕ್ಕಾಗಿ ಬಟ್ಟೆಯ ಪದರ. ರೋಧಕತೆ, ಅಂದರೆ ವಸ್ತು ವಿದ್ಯುತ್ತಿಗೆ ಒಡ್ಡುವ ತಡೆ, 0.012 ಓಮ್-ಸೆಂ.ಮೀ. ಮೀರಬಾರದು ಎಂದು ಬರೆದಿದೆ.

ಸಿದ್ಧ ಕಂಪೌಂಡ್ (ಪುಡಿ ಬೆರೆಸಿದ ಹಸಿ ರಬ್ಬರ್) ತರಿಸಿ ಮೊದಲು ಬಟ್ಟೆ ಇಲ್ಲದೆ ಮಾಡಿದೆವು. ಮೋಲ್ಡಿನಿಂದ ಎತ್ತುವಾಗಲೇ ಮೂರು ಹರಿದವು. ಉಳಿದವು ಬೋಲ್ಟ್ ಬಿಗಿಯುವಾಗ ತೂತಿನ ಅಂಚಿನಲ್ಲಿ ಸೀಳಿದವು. ನಂತರ ಗಾಜಿನ ನೂಲಿನ ಬಟ್ಟೆ ಇಟ್ಟು ಮಾಡಿದೆವು. ಎಳೆದರೂ ಹರಿಯುವುದಿಲ್ಲ, ಆದರೆ ಮೇಲಿನಿಂದ ಕೆಳಕ್ಕೆ ಮಲ್ಟಿಮೀಟರ್ ಹಿಡಿದರೆ ಕೆಲವು ಕಡೆ 40 ಓಮ್, ಕೆಲವು ಕಡೆ ಸಂಪರ್ಕವೇ ಇಲ್ಲ. ಬಟ್ಟೆ ಇಲ್ಲದ ತುಂಡಿನಲ್ಲಿ 0.6 ಓಮ್ ಬರುತ್ತಿತ್ತು. ಎಲ್ಲಿ ತಪ್ಪುತ್ತಿದ್ದೇವೆ?

ಮಚ್ಛೆ ಡೈ

12 ಮಿ.ಮೀ. ಪಟ್ಟಿಯಲ್ಲಿ 5 ಮಿ.ಮೀ. ತೂತು ಎಂದರೆ ಎರಡೂ ಬದಿಗೆ ಉಳಿಯುವುದು 3.5 ಮಿ.ಮೀ. ಮಾತ್ರ. ತೂತುಗಳನ್ನು ಮೋಲ್ಡಿನಲ್ಲೇ ಪಿನ್ ಇಟ್ಟು ತೆಗೆಯುತ್ತೀರೋ, ಆಮೇಲೆ ಪಂಚ್ ಮಾಡುತ್ತೀರೋ? ಪಂಚಿನ ಅಂಚು ಸ್ವಲ್ಪ ಮೊಂಡಾಗಿದ್ದರೂ ತೂತಿನ ಸುತ್ತ ಕಣ್ಣಿಗೆ ಕಾಣದ ಸೀಳು ಬಿಡುತ್ತದೆ, ಬೋಲ್ಟ್ ಬಿಗಿದಾಗ ಅದೇ ಬೆಳೆಯುತ್ತದೆ. ಭೂತಗನ್ನಡಿ ಹಿಡಿದು ನೋಡಿ.

ಉದ್ಯಮಬಾಗ ಸೀಲ್

ಪಂಚ್ ಮಾಡುತ್ತೇವೆ ಅಣ್ಣಾ. ಹೊಸ ಪಂಚಿನಲ್ಲೂ ಸೀಳಿದೆ.

ರೋಲ್ ಮಿಲ್

ನಾನು ಗೋಕಾಕದವನು, ಬೆಂಗಳೂರಿನಲ್ಲಿ ರಬ್ಬರ್ ಕಂಪೌಂಡ್ ಮಾಡುವ ಕೆಲಸದಲ್ಲಿ 14 ವರ್ಷ ಕಳೆದಿದ್ದೇನೆ. ಪಂಚ್ ಬದಲಿಸಿದರೂ ಇದು ನಿಲ್ಲುವುದಿಲ್ಲ, ಏಕೆಂದರೆ ವಸ್ತುವಿನ ಸ್ವಭಾವವೇ ಹಾಗೆ.

ಸಿಲಿಕೋನ್ ರಬ್ಬರ್ ಹುಟ್ಟಿನಿಂದ ವಿದ್ಯುತ್ ನಿರೋಧಕ. ಅದರಲ್ಲಿ ವಿದ್ಯುತ್ ಸಾಗಬೇಕಾದರೆ ಲೋಹದ ಕಣಗಳು ಒಂದಕ್ಕೊಂದು ತಾಗಿ ಸಾಲುಗಟ್ಟಬೇಕು. ಪುಡಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋದರೆ ಬಹಳ ಹೊತ್ತು ಏನೂ ಆಗುವುದಿಲ್ಲ. ಒಂದು ಪ್ರಮಾಣ ದಾಟಿದೊಡನೆ ರೋಧಕತೆ ದಿಢೀರನೆ ಬಿದ್ದುಬಿಡುತ್ತದೆ. ಆ ಪ್ರಮಾಣವನ್ನು ಧಾರಾಳವಾಗಿ ದಾಟಿರಲೆಂದು ಕಂಪೌಂಡಿನಲ್ಲಿ ಪುಡಿಯನ್ನು ತುರುಕಿರುತ್ತಾರೆ. ಕಣಗಳನ್ನು ಹಿಡಿದಿಡುವ ರಬ್ಬರೇ ಆಗ ಕಡಿಮೆ. ಅಮೆರಿಕದ ಸೇನಾ ಮಾನದಂಡ ಮಿಲ್-ಡಿಟಿಎಲ್-83528ರಲ್ಲಿ ನಿಮ್ಮ ವಸ್ತು ಡಿ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಕೇಳಿರುವ ಕನಿಷ್ಠ ಎಳೆತದ ಬಲ 180 ಪಿಎಸ್‌ಐ, ಅಂದರೆ ಸುಮಾರು 1.2 ಮೆಗಾಪಾಸ್ಕಲ್. ನೀವು ದಿನವೂ ಒತ್ತುವ ನೈಟ್ರೈಲ್ ರಬ್ಬರಿನ ಓ-ರಿಂಗ್ ಇದರ ಎಂಟು ಹತ್ತು ಪಟ್ಟು ತಡೆಯುತ್ತದೆ. ಹರಿಯುವುದು ನಿಮ್ಮ ಕೈಯ ತಪ್ಪಲ್ಲ. ಬಟ್ಟೆ ಕೇಳಿರುವುದೇ ಈ ಕಾರಣಕ್ಕೆ.

ನಿಮ್ಮ ತಪ್ಪು ಇರುವುದು ಬಟ್ಟೆಯ ಆಯ್ಕೆಯಲ್ಲಿ ಎಂದು ನನ್ನ ಅನುಮಾನ. ಒತ್ತಾಗಿ ನೇಯ್ದ ಬಟ್ಟೆ ಹಾಕಿದ್ದೀರಾ? ಹಾಗಿದ್ದರೆ ಸೀಲಿನ ನಡುವೆ ನೀವೇ ಒಂದು ನಿರೋಧಕ ಗೋಡೆ ಕಟ್ಟಿದಂತಾಯಿತು. ಮೇಲಿನ ಕಣಗಳ ಸಾಲು ಮೇಲೆ, ಕೆಳಗಿನದು ಕೆಳಗೆ. ಗಾಜಿನ ನೂಲಿನ ನಡುವೆ ಕಿಂಡಿಗಳಿರಬೇಕು, ಒತ್ತುವಾಗ ಕಂಪೌಂಡ್ ಆ ಕಿಂಡಿಗಳನ್ನು ತೂರಿ ಆಚೆಯ ಪದರದೊಂದಿಗೆ ಒಂದಾಗಬೇಕು. ಒಂದು ತುಂಡನ್ನು ಅಡ್ಡ ಕತ್ತರಿಸಿ ನೋಡಿದರೆ ತಿಳಿಯುತ್ತದೆ.

ಇನ್ನೊಂದು ಪ್ರಶ್ನೆ. ಇದನ್ನು ಒತ್ತಿದ್ದು ಯಾವ ಮೋಲ್ಡಿನಲ್ಲಿ, ಯಾವ ಪ್ರೆಸ್ಸಿನಲ್ಲಿ?

ಉದ್ಯಮಬಾಗ ಸೀಲ್

ಅಡ್ಡ ಕತ್ತರಿಸಿ ನೋಡಿದೆ ಸರ್. ನೀವು ಹೇಳಿದ್ದು ಸರಿ, ಬಟ್ಟೆಯ ಎರಡೂ ಕಡೆ ಕಂಪೌಂಡ್ ಬೇರೆಬೇರೆಯಾಗಿ ಕೂತಿದೆ. ಬೆರಳಿನಿಂದ ಬಿಡಿಸಿದರೆ ಪದರವೇ ಕಿತ್ತುಬರುತ್ತದೆ. ಪ್ರೆಸ್ ಮಾತ್ರ ನಾವು ನೈಟ್ರೈಲ್ ಒತ್ತುವ ಪ್ರೆಸ್ಸೇ. ಮಿಲ್ ಕೂಡ ಅದೇ, ಕಂಪೌಂಡ್ ಮೆದುವಾಗಲಿ ಎಂದು ಹತ್ತು ನಿಮಿಷ ಓಡಿಸಿದೆವು.

ರೋಲ್ ಮಿಲ್

ಹಾಗಾದರೆ ಇನ್ನೆರಡು ತೊಂದರೆಗಳಿವೆ. ಇವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮ ಕಡೆಯ ರಬ್ಬರ್ ಘಟಕಗಳೆಲ್ಲ ಇಲ್ಲೇ ಎಡವುತ್ತವೆ.

ಮೊದಲನೆಯದು ಗಂಧಕ. ನೈಟ್ರೈಲನ್ನು ಗಂಧಕದಿಂದ ಬೇಯಿಸುತ್ತೀರಿ. ಅದರ ಶೇಷ ಮೋಲ್ಡಿಗೆ, ಪ್ಲೇಟಿಗೆ, ಮಿಲ್ಲಿನ ರೋಲಿಗೆ ಅಂಟಿಕೊಂಡಿರುತ್ತದೆ. ಬೆಳ್ಳಿಗೆ ಗಂಧಕ ತಾಗಿದರೆ ಏನಾಗುತ್ತದೆ ಎಂದು ಮನೆಯ ದೀಪದ ಕಂಬ, ಕುಂಕುಮದ ಬಟ್ಟಲು ತಿಕ್ಕುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಅದು ಕಪ್ಪಾಗುತ್ತದೆ. ಆ ಕಪ್ಪು ಬೆಳ್ಳಿಯ ಸಲ್ಫೈಡ್, ಬೆಳ್ಳಿಯಂತೆ ವಿದ್ಯುತ್ ಸಾಗಿಸುವುದಿಲ್ಲ. ನಿಮ್ಮ ಕಂಪೌಂಡ್ ಪ್ಲಾಟಿನಂ ವೇಗವರ್ಧಕದಿಂದ ಬೇಯುವಂಥದ್ದಾದರೆ ಗಂಧಕ ಅದನ್ನೂ ಕೊಲ್ಲುತ್ತದೆ, ಮೇಲ್ಮೈ ಅಂಟಂಟಾಗಿ ಹಸಿಯಾಗಿಯೇ ಉಳಿಯುತ್ತದೆ. ಒರೆಸಿ ತೊಳೆದು ಬಳಸುತ್ತೇನೆ ಎನ್ನಬೇಡಿ. ಈ ಕೆಲಸಕ್ಕೆ ಬೇರೆ ಮೋಲ್ಡ್, ಬೇರೆ ಪ್ಲೇಟ್, ಸಾಧ್ಯವಿದ್ದರೆ ಬೇರೆ ಕೋಣೆ.

ಎರಡನೆಯದು ಮಿಲ್. ಬೆಳ್ಳಿ ಇರುವುದು ಕಣದ ಮೇಲಿನ ತೆಳು ಲೇಪವಾಗಿ. ಬಿಗಿಯಾದ ರೋಲಿನ ನಡುವೆ ಹತ್ತು ನಿಮಿಷ ಅರೆದರೆ ಲೇಪ ಸುಲಿದು ಒಳಗಿನ ಅಲ್ಯೂಮಿನಿಯಂ ತೆರೆದುಕೊಳ್ಳುತ್ತದೆ. ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ತನ್ನ ಮೇಲೆ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ, ಅದು ನಿರೋಧಕ. ರೋಲಿನ ಅಂತರ ಅಗಲವಿರಲಿ, ಕೆಲವೇ ಸುತ್ತು, ಹಾಳೆಯಾದೊಡನೆ ತೆಗೆಯಿರಿ.

ಕತ್ತರಿಸಿದ ಚೂರು, ಫ್ಲ್ಯಾಶ್ (ಮೋಲ್ಡಿನ ಅಂಚಿನಿಂದ ಹೊರಚೆಲ್ಲಿದ ರಬ್ಬರ್) ಯಾವುದನ್ನೂ ಕಸಕ್ಕೆ ಹಾಕಬೇಡಿ. ಅದರಲ್ಲಿರುವುದು ಬೆಳ್ಳಿ. ಬೇರೆ ಡಬ್ಬಿಯಲ್ಲಿ ತೂಕ ಬರೆದು ಇಡಿ.

ಘಟಪ್ರಭಾ

ನಾನು ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷ ಓದುತ್ತಿದ್ದೇನೆ. ದಯವಿಟ್ಟು ಒಂದು ಮೂಲ ಸಂಗತಿ ಬಿಡಿಸಿ ಹೇಳಿ. ಮುಚ್ಚಳ ಲೋಹ, ಕೆಳಗಿನ ಚೌಕಟ್ಟು ಲೋಹ, 24 ಬೋಲ್ಟುಗಳೂ ಲೋಹ. ಫ್ಯಾರಡೆ 1836ರಲ್ಲೇ ಲೋಹದ ಕೋಣೆಯೊಳಗೆ ಹೊರಗಿನ ವಿದ್ಯುತ್ ಪ್ರಭಾವ ಬರುವುದಿಲ್ಲ ಎಂದು ತೋರಿಸಿದ್ದಾನೆ. ಬೋಲ್ಟುಗಳೇ ಎರಡನ್ನೂ ಜೋಡಿಸಿರುವಾಗ ಬೆಳ್ಳಿ ತುಂಬಿದ ದುಬಾರಿ ರಬ್ಬರ್ ಏಕೆ ಬೇಕು?

ಡೆಸಿಬೆಲ್

ಒಳ್ಳೆಯ ಪ್ರಶ್ನೆ ತಮ್ಮಾ. ನನ್ನ ಕೆಲಸವೇ ವಿದ್ಯುತ್ಕಾಂತೀಯ ಪರೀಕ್ಷೆ. ಊರು ಬೈಲಹೊಂಗಲ.

ಸೀಲಿನ ಸುತ್ತಳತೆ 1000 ಮಿ.ಮೀ., ಬೋಲ್ಟ್ 24. ಅಂದರೆ ಬೋಲ್ಟಿನಿಂದ ಬೋಲ್ಟಿಗೆ ಸುಮಾರು 42 ಮಿ.ಮೀ. ಎರಡು ಬೋಲ್ಟುಗಳ ನಡುವೆ ಕಾಗದ ತೂರದಷ್ಟು ಸಣ್ಣ ಬಿರುಕಿದ್ದರೂ ಅಲೆಯ ಪಾಲಿಗೆ ಅದು 42 ಮಿ.ಮೀ. ಉದ್ದದ ಬಾಗಿಲು. ಬಿರುಕು ಎಷ್ಟು ತೆಳುವಾಗಿದೆ ಎಂಬುದಕ್ಕಿಂತ ಎಷ್ಟು ಉದ್ದವಾಗಿದೆ ಎಂಬುದು ಇಲ್ಲಿ ಮುಖ್ಯ. ಬಿರುಕಿನ ಉದ್ದ ತರಂಗಾಂತರದ ಅರ್ಧಕ್ಕೆ ಬಂದರೆ ಅದು ಆಂಟೆನಾದಂತೆಯೇ ಕೆಲಸ ಮಾಡುತ್ತದೆ. 1 ಗಿಗಾಹರ್ಟ್ಸ್ ಅಲೆಯ ಉದ್ದ 30 ಸೆಂ.ಮೀ., 10 ಗಿಗಾಹರ್ಟ್ಸ್ ಆದರೆ 3 ಸೆಂ.ಮೀ. ರಾಡಾರುಗಳು ಓಡಾಡುವ ಆ 10 ಗಿಗಾಹರ್ಟ್ಸ್ ಸುತ್ತಮುತ್ತ ಅರ್ಧ ತರಂಗ 15 ಮಿ.ಮೀ. ಮಾತ್ರ. ನಿಮ್ಮ 42 ಮಿ.ಮೀ. ಅದಕ್ಕೆ ಹೆದ್ದಾರಿ. ಬಿರುಕನ್ನು ತರಂಗದ ಇಪ್ಪತ್ತನೇ ಒಂದು ಭಾಗಕ್ಕಿಂತ ಚಿಕ್ಕದಾಗಿ ಇಡಬೇಕು ಎಂಬುದು ನಮ್ಮ ಕೆಲಸದ ರೂಢಿ. 10 ಗಿಗಾಹರ್ಟ್ಸಿಗೆ ಅದು 1.5 ಮಿ.ಮೀ. ಅಷ್ಟು ಹತ್ತಿರ ಬೋಲ್ಟ್ ಹಾಕಲು ಯಾರಿಂದಲೂ ಆಗದು. ಉದ್ದಕ್ಕೂ ಬಿಡದೆ ತಾಗುವ ಮೆತ್ತನೆಯ ಲೋಹ ಬೇಕು, ಅದೇ ಈ ರಬ್ಬರ್.

ಉದ್ಯಮಬಾಗದ ಅಣ್ಣನವರಿಗೆ ಒಂದು ಮಾತು. ನಿಮ್ಮ 0.6 ಓಮ್ ಕೂಡ ನಿಜವಲ್ಲ, ಅದರಲ್ಲಿ ಬಹುಪಾಲು ಮಲ್ಟಿಮೀಟರಿನ ತಂತಿಯದ್ದೂ ಮೊನೆ ತಾಗುವ ಜಾಗದ್ದೂ ಆಗಿರುತ್ತದೆ. ಲೆಕ್ಕ ಹಾಕಿ ನೋಡಿ. ಪಟ್ಟಿಯ ಅಗಲ 1.2 ಸೆಂ.ಮೀ., ಸುತ್ತಳತೆ 100 ಸೆಂ.ಮೀ., ವಿಸ್ತೀರ್ಣ ಸುಮಾರು 120 ಚದರ ಸೆಂ.ಮೀ. ದಪ್ಪ 0.16 ಸೆಂ.ಮೀ. ರೋಧಕತೆ 0.012 ಎಂದಿಟ್ಟುಕೊಂಡರೆ ಇಡೀ ಸೀಲಿನ ಅಡ್ಡ ರೋಧ 0.000016 ಓಮ್, ಅಂದರೆ 16 ಮೈಕ್ರೋಓಮ್. ವಿಮಾನದಲ್ಲಿ ಲೋಹದ ಭಾಗಗಳ ಜೋಡಣೆಗೆ ಬಹುಕಾಲದಿಂದ ಬಳಸುವ ಮಿತಿ 2.5 ಮಿಲಿಓಮ್. ನೂರೈವತ್ತು ಪಟ್ಟು ಅಂತರವಿದೆ! ರಬ್ಬರಿನ ಒಡಲು ಹತ್ತು ಪಟ್ಟು ಕೆಟ್ಟರೂ ಲೆಕ್ಕಕ್ಕೆ ಬರುವುದಿಲ್ಲ. ಕೆಡುವುದು ರಬ್ಬರ್ ಮತ್ತು ಲೋಹ ತಾಗುವ ಮೇಲ್ಮೈಯಲ್ಲಿ. ಬಟ್ಟೆಯ ಕಿಂಡಿ ಸರಿಮಾಡಿದ ಮೇಲೆ ನಿಮ್ಮ ಗಮನವೆಲ್ಲ ಅಲ್ಲಿರಲಿ.

ಅಳೆಯಲು ನಾಲ್ಕು ತಂತಿಯ ಮಿಲಿಓಮ್ ಮೀಟರ್ ಬೇಕು. ಎರಡು ತಂತಿ ಕರೆಂಟ್ ಹರಿಸಲು, ಇನ್ನೆರಡು ವೋಲ್ಟೇಜ್ ಅಳೆಯಲು. ಆಗ ತಂತಿಯ ರೋಧ ಲೆಕ್ಕದಿಂದ ಹೊರಗುಳಿಯುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಕೇಳಿ ನೋಡಿ.

ಸಾಂಬ್ರಾ ಕಾಕಾ

ವಾಯುಪಡೆಯಲ್ಲಿ ರೇಡಿಯೊ ವಿಭಾಗದಲ್ಲಿ ದುಡಿದು ನಿವೃತ್ತನಾಗಿ ಸಾಂಬ್ರಾದಲ್ಲಿ ಮನೆ ಮಾಡಿದ್ದೇನೆ. ಹುಡುಗರು ಇಂಥ ಕೆಲಸಕ್ಕೆ ಕೈಹಾಕಿದ್ದು ಓದಿ ಸಂತೋಷವಾಯಿತು. ಕೆಡುವುದು ಮೇಲ್ಮೈಯಲ್ಲಿ ಎಂದು ಡೆಸಿಬೆಲ್ ತಂಗಿ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಮ್ಮೆ ಒಂದು ವಿಮಾನದಲ್ಲಿ ಗೋಪುರದೊಂದಿಗೆ ಮಾತನಾಡುವ ವಿಎಚ್‌ಎಫ್ ರೇಡಿಯೊದಲ್ಲಿ ಗೊರಗೊರ ಸದ್ದು. ಒಂದೇ ಒಂದು ಚಾನೆಲ್ಲಿನಲ್ಲಿ, ಅದೂ ಒಂದು ಉಪಕರಣ ಚಾಲೂ ಇದ್ದಾಗ ಮಾತ್ರ. ರೇಡಿಯೊ ಬದಲಿಸಿದೆವು, ಆಂಟೆನಾ ಬದಲಿಸಿದೆವು, ಕೇಬಲ್ಲಿನ ಉದ್ದಕ್ಕೂ ಕೈಯಾಡಿಸಿದೆವು. ನಾಲ್ಕನೆಯ ದಿನ ಒಬ್ಬ ಹಳೆಯ ಸಾರ್ಜೆಂಟ್ ಬಂದು ಆ ಉಪಕರಣದ ಜಾಗದ ಮುಚ್ಚಳವನ್ನು ಅಂಗೈಯಿಂದ ಜೋರಾಗಿ ಒತ್ತಿ ಹಿಡಿದರು. ಸದ್ದು ಇಳಿಯಿತು. ಬಿಚ್ಚಿ ನೋಡಿದರೆ ಸೀಲ್ ಚೆನ್ನಾಗಿಯೇ ಇತ್ತು. ಅದು ಕೂರುವ ಚೌಕಟ್ಟಿಗೆ ಯಾರೋ ಅಚ್ಚುಕಟ್ಟಾಗಿ ಬಣ್ಣ ಬಳಿದಿದ್ದರು, ಸ್ಕ್ರೂ ಕೂರುವ ಕುಳಿಗಳಿಗೂ. ತುಕ್ಕು ಹಿಡಿಯದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಬಳಿದಿರಬೇಕು. ಬಣ್ಣ ಕೆರೆದು, ಸವೆತ ತಡೆದರೂ ವಿದ್ಯುತ್ತಿಗೆ ಅಡ್ಡಿಯಾಗದ ಕ್ರೋಮೇಟ್ ಲೇಪ ಕೊಟ್ಟು ಕೂರಿಸಿದ ಮೇಲೆ ರೇಡಿಯೊ ಶಾಂತವಾಯಿತು.

ಸದ್ದು ಬಂದರೆ ಬರಲಿ ಎನ್ನುವ ಹಾಗಿಲ್ಲ. 1984ರಲ್ಲಿ ಪಶ್ಚಿಮ ಜರ್ಮನಿಯ ಟೊರ್ನಾಡೊ ಯುದ್ಧವಿಮಾನವೊಂದು ಮ್ಯೂನಿಕ್ ಸಮೀಪ ಪ್ರಬಲ ರೇಡಿಯೊ ಪ್ರಸಾರ ಕೇಂದ್ರದ ಹತ್ತಿರ ಹಾರುತ್ತಾ ಬಿದ್ದುಹೋಯಿತು. ಈ ವಿದ್ಯೆ ಕಲಿಸುವ ಕಡೆಯೆಲ್ಲ ಆ ಪ್ರಕರಣವನ್ನು ಉದಾಹರಣೆಯಾಗಿ ಹೇಳುತ್ತಾರೆ. ಹಿಂದಿನ ವಿಮಾನಗಳಲ್ಲಿ ಪೈಲಟಿನ ಕೈಯಿಂದ ರೆಕ್ಕೆಯವರೆಗೆ ಉಕ್ಕಿನ ಹಗ್ಗ, ಸರಳುಗಳಿದ್ದವು. ಈಗ ನಡುವೆ ಕಂಪ್ಯೂಟರ್ ಕೂತಿದೆ. ನಮ್ಮ ತೇಜಸ್ಸಿನ ಮೈಯ ಬಹುಭಾಗ ಕಾರ್ಬನ್ ನಾರಿನದು, ಬೋಯಿಂಗ್ 787ರ ತೂಕದಲ್ಲಿ ಅರ್ಧದಷ್ಟು ಅಂಥದ್ದೇ. ಕಾರ್ಬನ್ ನಾರು ಅಲ್ಯೂಮಿನಿಯಂ ತಗಡಿನಷ್ಟು ಚೆನ್ನಾಗಿ ವಿದ್ಯುತ್ ಸಾಗಿಸುವುದಿಲ್ಲ. ಹಾಗಾಗಿ ಸಂದುಗೊಂದುಗಳನ್ನು ಕಾಯುವ ಈ ಸೀಲುಗಳ ಮೇಲೆ ಹೊರೆ ಜಾಸ್ತಿಯಾಗಿದೆ.

ನನ್ನದೊಂದು ಸಲಹೆ. ಬಟ್ಟೆಯ ಗೊಡವೆ ಏಕೆ? ಲೋಹದ ಜಾಳಿಗೆಯನ್ನೇ ಒಳಗೆ ಇಡಿ. ಬಲವೂ ಬರುತ್ತದೆ, ವಿದ್ಯುತ್ತೂ ಸಾಗುತ್ತದೆ.

ರೋಲ್ ಮಿಲ್

ಕಾಕಾ ಹೇಳಿದ ಜಾಳಿಗೆಯ ಸೀಲುಗಳು ಇವೆ. ತಾಮ್ರದ ಹಾಳೆಯನ್ನು ಸೀಳಿ ಹಿಗ್ಗಿಸಿದ ಜಾಳಿಗೆಯನ್ನು ಒಳಗಿಟ್ಟು ಮಾಡುತ್ತಾರೆ, ಭಾರೀ ಕರೆಂಟ್ ಹರಿಯುವ ಜಾಗಕ್ಕೆ ಅದೇ ಸರಿ. ಆದರೆ ಈ ಮುಚ್ಚಳಕ್ಕೆ ನಾನು ಒಪ್ಪುವುದಿಲ್ಲ. ಚೌಕಟ್ಟು ಅಲ್ಯೂಮಿನಿಯಂ. ಪಂಚ್ ಮಾಡಿದ ಪ್ರತಿ ತೂತಿನ ಅಂಚಿನಲ್ಲಿ ತಾಮ್ರದ ತುದಿಗಳು ಹೊರಗೆ ಇಣುಕುತ್ತವೆ. ಉಪ್ಪುಗಾಳಿ, ತೇವ ಸಿಕ್ಕಿದರೆ ತಾಮ್ರ ಮತ್ತು ಅಲ್ಯೂಮಿನಿಯಂ ನಡುವೆ ಬ್ಯಾಟರಿಯೇ ಹುಟ್ಟಿಕೊಂಡು ಅಲ್ಯೂಮಿನಿಯಂ ತಿಂದುಹೋಗುತ್ತದೆ. ತಾಮ್ರದ ಕಣದ ಬದಲು ಅಲ್ಯೂಮಿನಿಯಂ ಕಣಕ್ಕೆ ಬೆಳ್ಳಿ ಬಳಿದು ಹಾಕಿರುವುದೂ ಆ ಸವೆತ ತಗ್ಗಲಿ ಎಂದೇ. ಎಲ್ಲಕ್ಕಿಂತ ಮುಖ್ಯವಾಗಿ, ಡ್ರಾಯಿಂಗಿನಲ್ಲಿ ಬಟ್ಟೆ ಎಂದಿದೆ. ವಿಮಾನದ ಕೆಲಸದಲ್ಲಿ ನಮ್ಮ ಬುದ್ಧಿಗೆ ತೋಚಿದ ಬದಲಾವಣೆಯನ್ನು ನಾವು ಮಾಡುವಂತಿಲ್ಲ.

ಸಾಂಬ್ರಾ ಕಾಕಾ

ಡ್ರಾಯಿಂಗಿನ ಮಾತು ಒಪ್ಪಿದೆ. ಅದನ್ನು ನಾನೇ ಮೊದಲು ಹೇಳಬೇಕಿತ್ತು. ಆದರೆ ಬಟ್ಟೆ ಗಾಜಿನದೇ ಆಗಿರಬೇಕೇ? ಪದೇ ಪದೇ ತೆರೆದು ಮುಚ್ಚುವ ಬಾಗಿಲಿನ ಕೊಳವೆಯಾಕಾರದ ಸೀಲುಗಳಲ್ಲಿ ಪಾಲಿಯೆಸ್ಟರ್ ಬಟ್ಟೆ ನೋಡಿದ ನೆನಪು.

ರೋಲ್ ಮಿಲ್

ಹೌದು ಕಾಕಾ. ಮಡಚಿ ಮಡಚಿ ಏಳುವ ಜಾಗದಲ್ಲಿ ಗಾಜಿನ ನೂಲು ಮುರಿಯುತ್ತದೆ, ಅಲ್ಲಿ ಪಾಲಿಯೆಸ್ಟರ್ ಅಥವಾ ಅರಾಮಿಡ್ ಬೇಕು. ಇದು ಚಪ್ಪಟೆಯಾಗಿ ಕೂತೇ ಇರುವ ಸೀಲ್, ಗಾಜು ಸಾಕು.

ಮಚ್ಛೆ ಡೈ

ಹೇಳಲು ಬೇಸರವಾಗುತ್ತದೆ, ಆದರೆ ಹೇಳುತ್ತೇನೆ. ಹೊಸ ಮೋಲ್ಡ್, ಹೊಸ ಪ್ಲೇಟ್, ಬೇರೆ ಕೋಣೆ, ದುಬಾರಿ ಕಂಪೌಂಡ್, ಮೀಟರ್, ಆಮೇಲೆ ಪರೀಕ್ಷೆಗಳು. ವಿಮಾನೋದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್9100 ಪ್ರಮಾಣಪತ್ರದ ಕಾಗದಪತ್ರಗಳು. ಕೊನೆಗೆ ಆರ್ಡರ್ ಎಷ್ಟು ಸೀಲಿಗೆ? ಒಂಬತ್ತು ಜನರ ಘಟಕ ಇದನ್ನು ಹೊರಬಹುದೇ? ನಾನು ಇಂಥದೇ ಆಸೆಯಲ್ಲಿ ಯಂತ್ರ ತಂದು ಮೂರು ವರ್ಷ ಕಂತು ಕಟ್ಟಿದ್ದೇನೆ.

ಉದ್ಯಮಬಾಗ ಸೀಲ್

ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಮನೆಯಲ್ಲೂ ಇದೇ ಮಾತು ನಡೆದಿದೆ. ಮೊದಲ ಆರ್ಡರ್ 60 ಸೀಲುಗಳಿಗೆ, ಅದರಿಂದ ಮೋಲ್ಡಿನ ಖರ್ಚೂ ಹುಟ್ಟುವುದಿಲ್ಲ.

ಆದರೂ ಬಿಡಲು ಮನಸ್ಸಿಲ್ಲ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಲೋಹದ ಭಾಗಗಳು ತಯಾರಾಗಿ ಹೊರದೇಶಕ್ಕೆ ಹೋಗುತ್ತಿವೆ. ಎರಕ, ಯಂತ್ರಗೆಲಸ, ಹೈಡ್ರಾಲಿಕ್ಸ್ ಎಲ್ಲದರಲ್ಲೂ ನಮ್ಮ ಊರಿನವರ ಕೈ ಪಳಗಿದೆ. ಲೋಹಕ್ಕೆ ಲೋಹ ಸೇರುವ ಕಡೆ ಇಡಬೇಕಾದ ಈ ಸೀಲನ್ನು ಮಾತ್ರ ಹೊರಗಿನಿಂದ ತರಿಸಿಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ. ನನ್ನ ತಂದೆ ಎಣ್ಣೆ ಸೋರದಂತೆ ತಡೆಯುವುದನ್ನು ಕಲಿತರು, ಅದಕ್ಕೂ ಅವರಿಗೆ ಹತ್ತು ವರ್ಷ ಹಿಡಿಯಿತು. ಎಣ್ಣೆಗೆ ಅಡ್ಡಗೋಡೆ ಕಟ್ಟಿದರೆ ಸಾಕಿತ್ತು. ಇಲ್ಲಿ ಬೇಕಿರುವುದು ಎರಡು ಲೋಹಗಳ ನಡುವಿನ ಸೇತುವೆ ಎಂದು ಈ ಚರ್ಚೆಯಿಂದಲೇ ನನಗೆ ಹೊಳೆದದ್ದು. ಒಂದು ವರ್ಷ ಪ್ರಯತ್ನಿಸುತ್ತೇನೆ. ಸಾಲ ಮಾಡುವುದಿಲ್ಲ. ಓ-ರಿಂಗಿನ ಲಾಭದಲ್ಲಿ ಎಷ್ಟಾಗುತ್ತದೋ ಅಷ್ಟು.

ಮಚ್ಛೆ ಡೈ

ಸಾಲ ಇಲ್ಲ ಎಂದ ಮೇಲೆ ನನ್ನ ತಕರಾರಿಲ್ಲ. ಮೋಲ್ಡಿನ ಡ್ರಾಯಿಂಗ್ ಕಳುಹಿಸಿ. ತೂತುಗಳನ್ನು ಪಂಚ್ ಮಾಡುವುದು ಬೇಡ, ಮೋಲ್ಡಿನಲ್ಲೇ ಪಿನ್ ಇಡುತ್ತೇನೆ. ಬಟ್ಟೆಯಲ್ಲೂ ತೂತುಗಳನ್ನು ಸ್ವಲ್ಪ ದೊಡ್ಡದಾಗಿ ಮೊದಲೇ ಕತ್ತರಿಸಿಕೊಳ್ಳಿ, ನೂಲಿನ ತುದಿ ರಬ್ಬರಿನೊಳಗೇ ಮುಚ್ಚಿಹೋಗುತ್ತದೆ.

ಡೆಸಿಬೆಲ್

ಮಚ್ಛೆಯ ಅಣ್ಣನವರು ಇದಕ್ಕೆ ಕೈಜೋಡಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಇನ್ನು ಉಳಿದಿರುವುದೆಲ್ಲ ಅಳತೆಯ ಕೆಲಸ. ಚಪ್ಪಟೆ ಸೀಲನ್ನು ದಪ್ಪದ ಶೇ. 5ರಿಂದ 10ರಷ್ಟು ಮಾತ್ರ ಅದುಮಬೇಕು. 1.6 ಮಿ.ಮೀ.ಗೆ ಅದು 0.08ರಿಂದ 0.16 ಮಿ.ಮೀ. ಸೀಲಿನ ದಪ್ಪದಲ್ಲಿ 0.1 ಮಿ.ಮೀ. ಏರುಪೇರಾದರೆ ಒಂದು ಕಡೆ ತಾಗುವುದೇ ಇಲ್ಲ, ಇನ್ನೊಂದು ಕಡೆ ಜಜ್ಜಿಹೋಗುತ್ತದೆ. ರಬ್ಬರ್ ಅದುಮಿದರೆ ಗಾತ್ರ ಕಳೆದುಕೊಳ್ಳುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ. ತೂತಿನ ಅಂಚು ಸೀಳುವುದಕ್ಕೆ ಅದೂ ಒಂದು ಕಾರಣ. ಅತಿಯಾಗಿ ಬಿಗಿಯದಂತೆ ತೂತುಗಳಲ್ಲಿ ಲೋಹದ ಬಳೆ ಇಡಲು ಡ್ರಾಯಿಂಗಿನಲ್ಲಿ ಅವಕಾಶವಿದೆಯೇ ಎಂದು ಗ್ರಾಹಕರನ್ನು ಕೇಳಿ.

ಸಾಮಾನ್ಯ ಸಿಲಿಕೋನ್ ಅಂಟಿನಿಂದ ಸೀಲನ್ನು ಚೌಕಟ್ಟಿಗೆ ಅಂಟಿಸಿ ಪರೀಕ್ಷಿಸಬೇಡಿ. ಆ ಅಂಟೇ ನಿರೋಧಕ, ಹುಳಿ ವಾಸನೆ ಬರುವ ಬಗೆಯದಾದರೆ ಅದರ ಅಸಿಟಿಕ್ ಆಮ್ಲ ಲೋಹವನ್ನೂ ಕೆಡಿಸುತ್ತದೆ.

ಉದ್ಯಮಬಾಗ ಸೀಲ್ (ಆರು ವಾರಗಳ ನಂತರ)

ಇಷ್ಟು ದಿನ ಬರೆಯದ್ದಕ್ಕೆ ಕ್ಷಮೆ ಇರಲಿ. ಮಳೆಗಾಲದ ಕರೆಂಟ್ ಕಣ್ಣಾಮುಚ್ಚಾಲೆಯಲ್ಲಿ ಪ್ರೆಸ್ಸಿನೊಳಗೆ ಅರ್ಧ ಬೆಂದ ಎಂಟು ಸೀಲುಗಳು ಹಾಳಾದವು. ಈಗ ರಾತ್ರಿ ಪಾಳಿಯಲ್ಲಿ ಮಾತ್ರ ಒತ್ತುತ್ತೇವೆ.

ಗೋದಾಮಿನ ಒಂದು ಮೂಲೆಗೆ ಗೋಡೆ ಎಬ್ಬಿಸಿ ಬೇರೆ ಕೋಣೆ ಮಾಡಿದೆವು. ಗಂಧಕ ಹಾಕಿದ ಯಾವುದಕ್ಕೂ ಅದರೊಳಗೆ ಪ್ರವೇಶವಿಲ್ಲ. ಮಚ್ಛೆಯ ಅಣ್ಣ ಮಾಡಿಕೊಟ್ಟ ಮೋಲ್ಡಿನಲ್ಲಿ ಸೀಲಿನ ದಪ್ಪದ ಏರುಪೇರು 0.04 ಮಿ.ಮೀ. ಒಳಗಿದೆ. ಸುಮಾರು 1 ಮಿ.ಮೀ. ಕಿಂಡಿಯ ಗಾಜಿನ ಜಾಲರಿ ತರಿಸಿ, ರಬ್ಬರ್ ಚೆನ್ನಾಗಿ ಅಂಟಲೆಂದು ಪ್ರೈಮರ್ ತೆಳುವಾಗಿ ಹಚ್ಚಿ ಒಣಗಿಸಿದೆವು. ಮೊದಲ ಸಲ ಪ್ರೈಮರ್ ಹೆಚ್ಚಾಗಿ ಕಿಂಡಿಗಳೇ ಪೊರೆಗಟ್ಟಿದ್ದವು. ಬೆಳಕಿಗೆ ಹಿಡಿದು ನೋಡಿದ ನಮ್ಮ ಹಿರಿಯ ಆಪರೇಟರ್ ಅದನ್ನು ಕಂಡುಹಿಡಿದರು. ಈಗ ಅಡ್ಡ ಕತ್ತರಿಸಿದರೆ ಪ್ರತಿ ಕಿಂಡಿಯಲ್ಲೂ ಕಂಪೌಂಡ್ ತೂರಿ ಆಚೆ ಈಚೆ ಒಂದಾಗಿರುವುದು ಕಾಣುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ನಾಲ್ಕು ತಂತಿಯ ಮೀಟರ್ ಸಿಕ್ಕಿತು. ಕ್ರೋಮೇಟ್ ಲೇಪದ ಎರಡು ಅಲ್ಯೂಮಿನಿಯಂ ಚೌಕಟ್ಟುಗಳ ನಡುವೆ ಸೀಲ್ ಇಟ್ಟು, ಬೋಲ್ಟುಗಳೇ ಸಂಪರ್ಕ ಕೊಡದಂತೆ ಪ್ಲಾಸ್ಟಿಕ್ ತೋಳು ತೊಡಿಸಿದ 24 ಬೋಲ್ಟುಗಳಿಂದ ಬಿಗಿದು ಅಳೆದಾಗ 1.1 ಮಿಲಿಓಮ್ ಬಂತು. ಐದು ಬಾರಿ ಬಿಚ್ಚಿ ಬಿಗಿದ ಮೇಲೆ 1.4. ಒಂದು ತೂತೂ ಸೀಳಿಲ್ಲ.

ಆದರೆ ಹನ್ನೆರಡು ಸೀಲುಗಳಲ್ಲಿ ಎರಡು ಮಾತ್ರ 3 ಮಿಲಿಓಮ್ ದಾಟುತ್ತಿವೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ರೋಲ್ ಮಿಲ್

ಆ ಎರಡೂ ಮೋಲ್ಡ್ ಬಿಡಿಸುವ ಸ್ಪ್ರೇ ಹೊಡೆದ ಮೊದಲ ಸುತ್ತಿನವೇ? ಹಾಗಿದ್ದರೆ ಮೇಲ್ಮೈಯಲ್ಲಿ ಸ್ಪ್ರೇಯ ಪೊರೆ ಉಳಿದಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಅಳೆಯಿರಿ.

ಉದ್ಯಮಬಾಗ ಸೀಲ್

ಒರೆಸಿ ಅಳೆದೆ ಸರ್. ಒಂದು 1.2ಕ್ಕೆ ಇಳಿಯಿತು. ಇನ್ನೊಂದು 2.9ಕ್ಕಷ್ಟೇ ಇಳಿದಿದೆ. ಅದನ್ನು ಬೇರೆ ಇಟ್ಟಿದ್ದೇನೆ, ಕಾರಣ ಸಿಗುವವರೆಗೆ 60ರ ಕೆಲಸ ಶುರುಮಾಡುವುದಿಲ್ಲ.

ಡೆಸಿಬೆಲ್

ಸರಿಯಾದ ನಿರ್ಧಾರ. ಇನ್ನೊಂದು ನೆನಪಿರಲಿ, ಮಿಲಿಓಮ್ ಸರಿ ಇದ್ದ ಮಾತ್ರಕ್ಕೆ ಗಿಗಾಹರ್ಟ್ಸಿನಲ್ಲಿ ಕವಚ ಸಿಕ್ಕಿತು ಎಂದಲ್ಲ. ಈ ವರ್ಗದ ವಸ್ತುವಿನಿಂದ 90, 100 ಡೆಸಿಬೆಲ್ ಮಟ್ಟದ ತಡೆ ನಿರೀಕ್ಷಿಸುತ್ತಾರೆ. 100 ಡೆಸಿಬೆಲ್ ಎಂದರೆ ಅಲೆಯ ಕ್ಷೇತ್ರಬಲ ಒಂದು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಯಬೇಕು. ಗ್ರಾಹಕರು ಯಾವ ವಿಧಾನ ಕೇಳುತ್ತಾರೆ ಎಂದು ಲಿಖಿತವಾಗಿ ಪಡೆಯಿರಿ. ಚೆನ್ನೈನ ಸಮೀರ್ ಸಂಸ್ಥೆಯಲ್ಲಿ ವಿದ್ಯುತ್ಕಾಂತೀಯ ಪರೀಕ್ಷೆಗೆಂದೇ ಕೇಂದ್ರವಿದೆ. ಅಲ್ಲಿಗೆ ಬರೆಯುವಾಗ ಕೆಟ್ಟ ಆ ಒಂದು ಸೀಲನ್ನೂ ಜೊತೆಗೆ ಕಳುಹಿಸಿ. ಒಳ್ಳೆಯದಕ್ಕೂ ಕೆಟ್ಟದಕ್ಕೂ ಇರುವ ಅಂತರ ಎಷ್ಟು ಡೆಸಿಬೆಲ್ ಎಂದು ತಿಳಿದರೆ ನಿಮ್ಮ ಮಿಲಿಓಮಿನ ಮಿತಿಯನ್ನು ಎಲ್ಲಿ ಇಡಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ.

ಸಾಂಬ್ರಾ ಕಾಕಾ

ಆ 2.9ರ ಸೀಲನ್ನು ಬಿಗಿದ ಸ್ಥಿತಿಯಲ್ಲಿ ಒಮ್ಮೆ ನೋಡಬೇಕೆನಿಸಿದೆ. ಭಾನುವಾರ ಹತ್ತು ಗಂಟೆಗೆ ಉದ್ಯಮಬಾಗಕ್ಕೆ ಬರುತ್ತೇನೆ. ಮೀಟರ್ ಹಚ್ಚಿಟ್ಟಿರು, ನಾನು ಒಂದೊಂದೇ ಬೋಲ್ಟಿನ ಪಕ್ಕದಲ್ಲಿ ಅಂಗೈಯಿಂದ ಒತ್ತುತ್ತಾ ಹೋಗುತ್ತೇನೆ, ಅಂಕಿ ಎಲ್ಲಿ ಇಳಿಯುತ್ತದೆ ನೀನು ಹೇಳು.

ಉದ್ಯಮಬಾಗ ಸೀಲ್

ಬನ್ನಿ ಕಾಕಾ. ಗೇಟಿನ ಹತ್ತಿರ ಕಾಯುತ್ತಿರುತ್ತೇನೆ. ಮಚ್ಛೆಯ ಅಣ್ಣನವರೂ ದಪ್ಪ ಅಳೆಯುವ ಡಯಲ್ ಗೇಜ್ ತರುತ್ತೇನೆ ಎಂದಿದ್ದಾರೆ.